ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ಯಾಂಜೊ, ರ‍್ಯಾಪ್ ಮತ್ತು ನಮ್ಮೂರ ತಮಟೆ

ಅಮೆರಿಕದ ರ‍್ಯಾಪರ್ ಲಿಲ್ ನಾಸ್ ಎಕ್ಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಉತ್ತರಕ್ಕೆ ಆಯ್ದಿದ್ದೇವೆ. ಆ ಬರಹ ಓದದವರಿಗೆ ಎರಡು ಮಾತು. ಅವರ ಹುಟ್ಟುಹೆಸರು ಮೊಂಟೆರೊ ಲಮಾರ್ ಹಿಲ್, ಹುಟ್ಟಿದ್ದು 1999ರ ಏಪ್ರಿಲ್ 9ರಂದು, ಜಾರ್ಜಿಯಾ ರಾಜ್ಯದವರು. 2018ರ ಡಿಸೆಂಬರ್‌ನಲ್ಲಿ ಬಂದ ‘ಓಲ್ಡ್ ಟೌನ್ ರೋಡ್’ ಹಾಡಿನಲ್ಲಿ ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನೂ ರ‍್ಯಾಪನ್ನೂ ಬೆಸೆದು ಹೆಸರಾದವರು.

ಪ್ರಶ್ನೆ: ಮೂವತ್ತು ಡಾಲರ್ ಕೊಟ್ಟು ಇಂಟರ್‌ನೆಟ್‌ನಲ್ಲಿ ಬೀಟ್ (ಹಾಡಿಗೆ ಹಿನ್ನೆಲೆಯಾಗುವ ಸಿದ್ಧ ವಾದ್ಯಸಂಗೀತ) ಕೊಂಡು ಆ ಹಾಡು ಮಾಡಿದರು ಎಂದು ಬರೆದಿದ್ದಿರಿ. ನಾನೂ ಹಾಗೆ ಒಂದು ಬೀಟ್ ಕೊಂಡು ಹಾಡು ಬಿಡಬಹುದೇ? ಮುಂದೆ ಯಾರಾದರೂ ತಕರಾರು ತೆಗೆಯುತ್ತಾರೆಯೇ?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಬಿಡಬಹುದು. ಆದರೆ ಆ ಮೂವತ್ತು ಡಾಲರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಆ ಬೀಟ್ ಮಾಡಿದವರು ನೆದರ್‌ಲೆಂಡ್ಸ್‌ನ ಯಂಗ್‌ಕಿಯೊ ಎಂಬ ಯುವಕ. ಮಾರಿದ್ದು ಬೀಟ್‌ಸ್ಟಾರ್ಸ್ ಎಂಬ ಜಾಲತಾಣದಲ್ಲಿ. ಅದರಲ್ಲಿ ಕೇಳಿಸುವ ಬ್ಯಾಂಜೊ (ಮೀಟಿ ನುಡಿಸುವ ತಂತಿವಾದ್ಯ) ನಾದ ಅವರೇ ನುಡಿಸಿದ್ದಲ್ಲ. ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ 2008ರ ವಾದ್ಯಸಂಗೀತದ ಆಲ್ಬಂನಿಂದ ಎತ್ತಿಕೊಂಡ ತುಣುಕು, ಅಂದರೆ ಸ್ಯಾಂಪಲ್. ಆ ಆಲ್ಬಂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿತ್ತು. ಯಾರು ಬೇಕಾದರೂ ಬಳಸಬಹುದು, ಹೆಸರು ಹಾಕಬೇಕು, ಆದರೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬುದು ಅದರ ಷರತ್ತು. ಹಾಗಾಗಿ ಹಾಡು ಹಬ್ಬತೊಡಗಿದಾಗ ಮೂಲದವರ ಒಪ್ಪಿಗೆ ಪಡೆಯಲೇಬೇಕಾಯಿತು. ಅವರು ಒಪ್ಪಿದರು. ಆ ತಂಡದ ಟ್ರೆಂಟ್ ರೆಜ್ನರ್, ಆಟಿಕಸ್ ರಾಸ್ ಇಬ್ಬರ ಹೆಸರೂ ರಚನೆಕಾರರ ಸಾಲಿಗೆ ಸೇರಿತು, ಅಂದರೆ ಸಂಪಾದನೆಯಲ್ಲಿ ಅವರಿಗೂ ಪಾಲು. ಅವರು ಒಲ್ಲೆ ಎಂದಿದ್ದರೆ ಆ ಹಾಡು ಆ ರೂಪದಲ್ಲಿ ಉಳಿಯುತ್ತಿರಲಿಲ್ಲ. ಮೂವತ್ತು ಡಾಲರಿಗೆ ಸಿಕ್ಕಿದ್ದು ಬೀಟ್ ಮಾಡಿದವನ ಅನುಮತಿ ಮಾತ್ರ, ಅದರೊಳಗಿದ್ದ ಬ್ಯಾಂಜೊದ್ದಲ್ಲ.

ನೀವು ಬೀಟ್ ಕೊಳ್ಳುವಾಗ ಮಾರುವವರಿಗೆ ಮೊದಲು ಬರಹದಲ್ಲೇ ಕೇಳಬೇಕಾದ್ದು: ಇದರಲ್ಲಿ ಬೇರೆಯವರ ಸ್ಯಾಂಪಲ್ ಇದೆಯೇ? ‘ಇಲ್ಲ’ ಎಂಬ ಉತ್ತರವನ್ನು ಇಮೇಲ್‌ನಲ್ಲಿ ಉಳಿಸಿಕೊಳ್ಳಿ. ಕಡಿಮೆ ಬೆಲೆಯದು ಸಾಮಾನ್ಯವಾಗಿ ಲೀಸ್, ಅಂದರೆ ಬಳಸಲು ಷರತ್ತಿನ ಅನುಮತಿ ಮಾತ್ರ. ಅದೇ ಬೀಟನ್ನು ಇನ್ನು ಐವತ್ತು ಜನಕ್ಕೂ ಮಾರುತ್ತಾರೆ. ಎಷ್ಟು ಸಲ ಪ್ಲೇ ಆಗುವವರೆಗೆ ಲೀಸ್ ನಡೆಯುತ್ತದೆ, ಎಷ್ಟು ವರ್ಷ, ವಿಡಿಯೊಗೂ ಸೇರಿದೆಯೇ ಎಂಬುದೆಲ್ಲ ಷರತ್ತಿನಲ್ಲಿರುತ್ತದೆ. ದನಿಯನ್ನು ಕುಗ್ಗಿಸಿದ ಎಂಪಿ3 ಕಡತ ಬೇಡ, ಕುಗ್ಗಿಸದ ವೇವ್ ಕಡತವನ್ನೇ ಕೇಳಿ. ಸಾಧ್ಯವಾದರೆ ಡ್ರಮ್, ಬೇಸ್, ರಾಗದ ವಾದ್ಯ ಬೇರೆ ಬೇರೆ ಇರುವ ಸ್ಟೆಮ್‌ಗಳನ್ನು ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ದನಿಗೆ ಜಾಗ ಮಾಡಲು ಬೀಟಿನೊಳಗೆ ಕೈಯಾಡಿಸಲು ಆಗುವುದಿಲ್ಲ.

ಲೀಸ್ ಬೀಟಿನಲ್ಲಿ ಪದೇ ಪದೇ ಆಗುವ ತೊಂದರೆ ಒಂದಿದೆ. ಅದೇ ಬೀಟ್ ಕೊಂಡ ಇನ್ನೊಬ್ಬರು ತಮ್ಮ ಹಾಡನ್ನು ಯೂಟ್ಯೂಬ್‌ನ ಕಂಟೆಂಟ್ ಐಡಿಗೆ (ಹಾಡನ್ನು ತಾನೇ ಗುರುತಿಸುವ ವ್ಯವಸ್ಥೆ) ಮೊದಲೇ ಸೇರಿಸಿದ್ದರೆ, ನಿಮ್ಮ ಹಾಡಿನ ಮೇಲೆ ತಾನಾಗಿಯೇ ಹಕ್ಕುದಾವೆ ಬೀಳುತ್ತದೆ. ಆಗ ಕೈ ಹಿಡಿಯುವುದು ಖರೀದಿ ರಸೀದಿ ಮತ್ತು ಲೀಸ್ ಪತ್ರ. ಇವೆರಡನ್ನೂ ಕಳೆಯಬೇಡಿ. ‘ಫ್ರೀ ಬೀಟ್’ ಎಂದಿದ್ದರೆ ಬಹುಪಾಲು ‘ದುಡ್ಡು ಮಾಡದಿದ್ದರೆ ಫ್ರೀ’ ಎಂದೇ ಅರ್ಥ.

ನಮ್ಮ ಊರಲ್ಲೇ ಗೆಳೆಯನೊಬ್ಬ ಬೀಟ್ ಮಾಡಿಕೊಟ್ಟರೂ ಕಾಗದ ಮಾಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಸಹಿಯಿರುವ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಹಾಡು ಇಂಟರ್‌ನೆಟ್‌ಗೆ ಹೋದರೆ ದೇಶದ ಗಡಿ ದಾಟಿಯೇ ದಾಟುತ್ತದೆ. ಆದ್ದರಿಂದ ‘ಜಗತ್ತಿನಾದ್ಯಂತ’ ಎಂಬ ಒಂದು ಪದ ಕಾಗದದಲ್ಲಿ ಇರಲಿ.

ಪ್ರಶ್ನೆ: ಕಂಟ್ರಿ ಪಟ್ಟಿಯಿಂದ ಆ ಹಾಡನ್ನು ತೆಗೆದುಹಾಕಿದ್ದು ಯಾಕೆ? ಅದು ಕಂಟ್ರಿಯೋ ರ‍್ಯಾಪೋ?
— ಓದುಗರು, ಗೌರಿಬಿದನೂರು

ಉತ್ತರ: 2019ರ ಮಾರ್ಚ್‌ನಲ್ಲಿ ಒಂದೇ ವಾರ ಅದು ಬಿಲ್‌ಬೋರ್ಡ್ ಪತ್ರಿಕೆಯ ಮೂರು ಪಟ್ಟಿಗಳಿಗೆ ಕಾಲಿಟ್ಟಿತು. ಎಲ್ಲ ಬಗೆಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ 83ನೇ ಸ್ಥಾನ, ಕಂಟ್ರಿಯಲ್ಲಿ 19, ಹಿಪ್‌ಹಾಪ್‌ನಲ್ಲಿ 36. ಆಮೇಲೆ ಇಂದಿನ ಕಂಟ್ರಿ ಸಂಗೀತದ ಲಕ್ಷಣ ಇದರಲ್ಲಿ ಸಾಲದು ಎಂದು ಹೇಳಿ ಕಂಟ್ರಿ ಪಟ್ಟಿಯಿಂದ ಮಾತ್ರ ಕೈಬಿಟ್ಟರು. ಕುದುರೆ, ಟೋಪಿ, ಬೂಟಿನ ಮಾತು ಇದ್ದರಷ್ಟೇ ಸಾಲದು ಎಂಬುದು ಅವರ ವಾದ. ಕಪ್ಪು ಗಾಯಕನಿಗೊಂದು, ಬಿಳಿಯರಿಗೊಂದು ಅಳತೆಗೋಲೇ ಎಂಬುದು ಕೇಳುಗರ ಪ್ರಶ್ನೆ. ಹಾಡಿನಲ್ಲಿರುವ ಬ್ಯಾಂಜೊ ವಾದ್ಯದ ಚರಿತ್ರೆ ತಿಳಿದವರಿಗೆ ಈ ಪ್ರಶ್ನೆ ನ್ಯಾಯವಾದದ್ದೇ ಎನಿಸುತ್ತದೆ. ಬ್ಯಾಂಜೊ ಎಂಬುದು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರ ವಾದ್ಯ ಪರಂಪರೆಯಿಂದಲೇ ಹುಟ್ಟಿದ್ದು.

ಏಪ್ರಿಲ್ 5ರಂದು ಹಳೆಯ ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಜೊತೆ ಹಾಡಿದ ಹೊಸ ಆವೃತ್ತಿ ಬಂತು. ಹಾಟ್ 100ರಲ್ಲಿ ಹಾಡು 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅದುವರೆಗಿನ ದಾಖಲೆ 16 ವಾರ. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಒಂದು ಪ್ರಶಸ್ತಿಯೂ ಈ ಹಾಡಿಗೇ ಬಂತು.

ಕಂಟ್ರಿಯೋ ರ‍್ಯಾಪೋ ಎಂಬುದಕ್ಕೆ ನಮ್ಮ ಉತ್ತರ: ಲಯ ಹಿಪ್‌ಹಾಪಿನದು, ವಾದ್ಯದ ಬಣ್ಣ ಕಂಟ್ರಿಯದು, ದನಿಯ ಎಳೆತ ಎರಡರ ನಡುವಿನದು. ಲಯದ ಮೇಲೆ ಹೆಸರಿಟ್ಟರೆ ಒಂದು, ಬಣ್ಣದ ಮೇಲೆ ಹೆಸರಿಟ್ಟರೆ ಇನ್ನೊಂದು.

ಪ್ರಶ್ನೆ: ನಮ್ಮೂರಿನ ತಮಟೆ ತಂಡದ ಜೊತೆ ರ‍್ಯಾಪ್ ಮಾಡಬೇಕೆಂದಿದ್ದೇವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ತಮಟೆ ಬರೀ ‘ಪಟಪಟ’ ಎನ್ನುತ್ತದೆ, ಮಾತು ಒಂದೂ ಕೇಳಿಸುವುದಿಲ್ಲ, ತಾಳವೂ ಬೀಟಿಗೆ ಕೂರುವುದಿಲ್ಲ. ಏನು ಮಾಡುವುದು?
— ಯುವಕರ ಸಂಘ, ಚಿಂತಾಮಣಿ ತಾಲ್ಲೂಕು

ಉತ್ತರ: ತಮಟೆಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ನಿಮ್ಮ ಜಿಲ್ಲೆಯವರೇ. ಈ ಕೆಲಸ ನಿಮ್ಮ ಕಡೆಯಿಂದಲೇ ಚೆನ್ನಾಗಿ ಆಗಬೇಕು ಎಂಬ ಆಸೆಯಿಂದ ಕೊಂಚ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಕಾಯಿಸುವ ವಿಚಾರ. ಒಣಹುಲ್ಲಿನ ಉರಿಗೆ ಹಿಡಿದಾಗ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಬಾರಿಸುತ್ತಾ ಆರಿದಂತೆ ಇಳಿಯುತ್ತದೆ. ಜಾತ್ರೆಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ರೆಕಾರ್ಡಿಂಗಿನಲ್ಲಿ ಮೊದಲ ಚರಣದ ತಮಟೆಗೂ ಕೊನೆಯದಕ್ಕೂ ಹೊಂದಿಕೆಯಾಗದೆ, ಇದು ಬೇರೆ ತಮಟೆಯೇನೋ ಎನಿಸುತ್ತದೆ. ಆದ್ದರಿಂದ ತಮಟೆಯ ಭಾಗವನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಪ್ರತಿ ಟೇಕಿಗೂ ಮುಂಚೆ ಒಂದೇ ಪೆಟ್ಟು ಹೊಡೆಸಿ, ಮೊದಲ ಟೇಕಿನ ಪೆಟ್ಟಿನ ಜೊತೆ ಹೋಲಿಸಿ ಕೇಳಿ. ಇಳಿದಿದ್ದರೆ ಮತ್ತೆ ಕಾಯಿಸಿ. ಮಳೆಗಾಲದ ತೇವದಲ್ಲಿ ಬೇಗ ಇಳಿಯುತ್ತದೆ.

‘ಪಟಪಟ’ ಬರುವುದಕ್ಕೆ ಕಾರಣ ಎರಡು. ಮೊಬೈಲ್ ತೀರಾ ಹತ್ತಿರ ಇರುವುದು ಒಂದು. ಇನ್ನೊಂದು, ದನಿಯ ಮಟ್ಟವನ್ನು ಮೊಬೈಲ್ ತಾನೇ ಏರಿಸಿ ಇಳಿಸುವುದು. ಕಡ್ಡಿ ಬಿದ್ದ ಕ್ಷಣದಲ್ಲಿ ಮಟ್ಟ ಗಕ್ಕನೆ ಬಿದ್ದು, ಪೆಟ್ಟಿನ ಹಿಂದೆ ಬರುವ ಚರ್ಮದ ಗುಂಯ್‌ಗುಟ್ಟುವಿಕೆ ಸತ್ತುಹೋಗುತ್ತದೆ. ಈ ತಾನೇ ಹೊಂದಿಸುವ ಸೌಲಭ್ಯವನ್ನು ಆರಿಸಲು ಬರುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ, ವೇವ್ ರೂಪ ಆಯ್ದುಕೊಳ್ಳಿ. ಮೈಕನ್ನು ತಮಟೆಯಿಂದ ಮೂರು ನಾಲ್ಕು ಅಡಿ ದೂರ, ಚರ್ಮಕ್ಕೆ ನೇರ ಎದುರಾಗದೆ ತುಸು ಓರೆಯಾಗಿ ಇಡಿ. ಅತಿ ಜೋರಿನ ಪೆಟ್ಟಿಗೆ ಮೀಟರ್ ಮೈನಸ್ 10 ಡೆಸಿಬಲ್ ದಾಟದಿರಲಿ. ದನಿ ಸಣ್ಣದಾಯಿತು ಎಂದರೆ ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಸರಿಮಾಡಲು ಬರುವುದಿಲ್ಲ.

ಜಾಗವೂ ಮುಖ್ಯ. ಸಿಮೆಂಟ್ ಗೋಡೆಯ ಸಮುದಾಯ ಭವನ ಬೇಡ, ಪೆಟ್ಟೊಂದು ನಾಲ್ಕಾಗಿ ಕೇಳುತ್ತದೆ. ರಾಗಿ ಚೀಲ ಪೇರಿಸಿದ ಕೋಣೆ ಒಳ್ಳೆಯದು. ಗಾಳಿಯಿಲ್ಲದ ಮುಂಜಾನೆ ಮಾವಿನ ತೋಪು ಇನ್ನೂ ಒಳ್ಳೆಯದು.

ಇನ್ನು ತಾಳ. ನಿಮ್ಮ ತೊಡಕು ಬಹುಶಃ ಇಲ್ಲಿದೆ: ಹಬ್ಬದ ತಮಟೆಯ ಎಷ್ಟೋ ಗತ್ತುಗಳು ಮೂರರ ನಡೆ, ಅಂದರೆ ತಿಶ್ರ. ಸಿದ್ಧ ರ‍್ಯಾಪ್ ಬೀಟುಗಳಲ್ಲಿ ಹೆಚ್ಚಿನವು ನಾಲ್ಕರ ನಡೆ. ಮೂರನ್ನು ನಾಲ್ಕರ ಮನೆಗೆ ತುರುಕಿದರೆ ಕುಂಟುತ್ತದೆ. ‘ಓಲ್ಡ್ ಟೌನ್ ರೋಡ್’ನ ವೇಗ ನಿಮಿಷಕ್ಕೆ 68 ಬಡಿತ (ಅದನ್ನೇ ದುಪ್ಪಟ್ಟಾಗಿ 136 ಎಂದೂ ಎಣಿಸುತ್ತಾರೆ). ಅದೇ ವೇಗ ಹಿಡಿದು ನೋಡಿ. ಒಂದು ಬಡಿತಕ್ಕೆ 0.88 ಸೆಕೆಂಡು. ಅದನ್ನು ನಾಲ್ಕಾಗಿ ಸೀಳಿದರೆ ಒಂದು ಪೆಟ್ಟಿಗೆ 0.22, ಮೂರಾಗಿ ಸೀಳಿದರೆ 0.29 ಸೆಕೆಂಡು. ಈ ಏಳು ನೂರಂಶದ ಅಂತರವೇ ನಿಮಗೆ ‘ಕೂರುತ್ತಿಲ್ಲ’ ಎನಿಸುತ್ತಿರುವುದು. ಬೀಟ್ ತಯಾರಿಸುವ ಆ್ಯಪಿನಲ್ಲಿ ಗ್ರಿಡ್ಡನ್ನು, ಅಂದರೆ ಪೆಟ್ಟು ಕೂರಿಸುವ ಮನೆಗಳನ್ನು, ಮೂರರ ಟ್ರಿಪ್ಲೆಟ್‌ಗೆ ಬದಲಾಯಿಸಿ, ಹೈಹ್ಯಾಟನ್ನು (ಡ್ರಮ್ಮಿನ ಜೋಡಿ ತಾಳದ ಸದ್ದು) ಮೂರರ ನಡೆಯಲ್ಲೇ ಹಾಕಿ. ಒಂದನೇ ಬಡಿತಕ್ಕೆ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು), ಮೂರನೆಯದಕ್ಕೆ ಚಪ್ಪಾಳೆ ಇದ್ದರೆ ಸಾಕು. ತಮಟೆಯವರ ಗತ್ತನ್ನು ಬೀಟಿಗಾಗಿ ಬದಲಾಯಿಸಲು ಹೋಗಬೇಡಿ. ಬೀಟೇ ಅವರ ಹಿಂದೆ ಬರಲಿ. ಮೊದಲು ಅವರು ಬಾರಿಸಿದ್ದನ್ನು ಕೇಳಿ ವೇಗ ಅಳೆಯಿರಿ, ಆಮೇಲೆ ಅದೇ ವೇಗದ ಕ್ಲಿಕ್ಕನ್ನು (ಬಡಿತ ಎಣಿಸುವ ಸದ್ದು) ಅವರ ಕಿವಿಗೆ ಕೊಡಿ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ, ಅದರಲ್ಲಿ ದನಿ ತಡವಾಗಿ ಬರುತ್ತದೆ. ವೈರಿನದೇ ಆಗಬೇಕು.

ಮಾತು ಮುಳುಗುವುದಕ್ಕೆ ಕಾರಣ ಜೋರು ಮಾತ್ರವಲ್ಲ. ನಮ್ಮ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು 2,000ದಿಂದ 5,000 ಹರ್ಟ್ಸ್ ನಡುವೆ. ತಮಟೆಯ ಕಡ್ಡಿಯ ಪೆಟ್ಟೂ ಅಲ್ಲೇ. ಚರಣದ ಮಾತು ನಡೆಯುವಾಗ ತಮಟೆಯನ್ನು 4ರಿಂದ 6 ಡೆಸಿಬಲ್ ಇಳಿಸಿ, 3,000 ಹರ್ಟ್ಸ್ ಸುತ್ತ ಇನ್ನೂ 3 ಡೆಸಿಬಲ್ ಕಡಿಮೆ ಮಾಡಿ. ಪಲ್ಲವಿಯಲ್ಲಿ ಪೂರ್ತಿ ಬಿಡಿ. ಕೆಳಗಿನ ಬೇಸಿಗೂ ತಮಟೆಗೂ ಜಗಳವಿಲ್ಲ, ತಮಟೆಯಲ್ಲಿ ಆ ಆಳದ ನಾದ ಇಲ್ಲ. ಆದರೆ 50 ಹರ್ಟ್ಸಿನ ಬೇಸ್ ಮೊಬೈಲ್ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ, ಕೇಳುಗರಲ್ಲಿ ಬಹುಮಂದಿ ಮೊಬೈಲಿನಲ್ಲೇ ಕೇಳುವವರು. ಬೇಸಿಗೆ ಸ್ವಲ್ಪ ಸ್ಯಾಚುರೇಷನ್ (ದನಿಯನ್ನು ತುಸು ಒರಟಾಗಿಸುವ ಪರಿಣಾಮ) ಹಾಕಿದರೆ ಮೇಲಿನ ಸ್ವರಗಳು ಹುಟ್ಟಿ, ಸಣ್ಣ ಸ್ಪೀಕರಿನಲ್ಲೂ ಅದು ಇದೆ ಎಂದು ಕಿವಿಗೆ ಗೊತ್ತಾಗುತ್ತದೆ.

ತಮಟೆ ಬಾರಿಸಿದವರ ಹೆಸರನ್ನು ಹಾಡಿನ ವಿವರದಲ್ಲಿ ಹಾಕುವುದು ಮರೆಯಬೇಡಿ. ಅದು ದಾಕ್ಷಿಣ್ಯದ ಮಾತಲ್ಲ, ಪ್ರದರ್ಶಕರ ಹಕ್ಕು ಎಂದು ಕಾಯ್ದೆಯಲ್ಲೇ ಇದೆ.

ಪ್ರಶ್ನೆ: ಇಂಗ್ಲಿಷ್ ರ‍್ಯಾಪಿನಲ್ಲಿ ಪ್ರಾಸ ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ ಬರೆದರೆ ಎಲ್ಲ ಸಾಲೂ ‘ಬಂದೆನು, ನಿಂತೆನು, ನೊಂದೆನು’ ಎಂದೇ ಮುಗಿಯುತ್ತವೆ. ಶಾಲೆಯ ಪದ್ಯ ಓದಿದಂತಿರುತ್ತದೆ. ದಾರಿ ಹೇಳಿ.
— ಓದುಗರು, ಕೋಲಾರ

ಉತ್ತರ: ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಪ್ರತ್ಯಯಗಳು ಕೆಲವೇ. ಹಾಗಾಗಿ ಅಂತ್ಯಪ್ರಾಸ ಕೇಳದೆಯೇ ಸಿಗುತ್ತದೆ. ಕೇಳದೆ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತಲೆಗೆ ತಂದದ್ದು ಸುಮ್ಮನೆ ಅಲ್ಲ. ಆದಿಪ್ರಾಸ, ಅಂದರೆ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು, ರ‍್ಯಾಪಿಗೆ ಹೇಳಿ ಮಾಡಿಸಿದಂತಿದೆ. ಸಾಲು ಶುರುವಾಗುವ ಬಡಿತದ ಮೇಲೇ ಅದು ಬೀಳುತ್ತದೆ. ಉದಾಹರಣೆಗೆ ನಿಮ್ಮ ಕಡೆಯ ವಿಷಯದ ಮೇಲೇ ಎರಡು ಸಾಲು ಕಟ್ಟಿದ್ದೇವೆ:

ಕೆರೆಯೇರಿ ಮೇಲೆ ನಡೆದ್ರೂ ನೀರಿನ ಸುದ್ದಿಲ್ಲ
ಕೊರೆದ್ರೂ ಸಾವಿರಡಿ ಬೋರು, ಭೂಮಿಗೆ ನಿದ್ದಿಲ್ಲ

‘ಕೆರೆ’, ‘ಕೊರೆ’ ಎರಡರಲ್ಲೂ ಮೊದಲಕ್ಷರ ಲಘು, ಎರಡನೆಯದು ರಕಾರ. ಇದು ತಲೆಯ ಪ್ರಾಸ. ಕೊನೆಯಲ್ಲಿ ‘ಸುದ್ದಿಲ್ಲ’, ‘ನಿದ್ದಿಲ್ಲ’. ಬರೀ ಪ್ರತ್ಯಯ ಹೊಂದಿದ್ದಲ್ಲ, ‘ಸುದ್ದಿ’, ‘ನಿದ್ದೆ’ ಎಂಬ ನಾಮಪದಗಳ ಒತ್ತಕ್ಷರವೇ ಹೊಂದಿದೆ. ವ್ಯತ್ಯಾಸ ಇರುವುದು ಅಲ್ಲೇ. ‘ನಿದ್ದೆ ಇಲ್ಲ’ ಎಂದು ಗ್ರಾಂಥಿಕವಾಗಿ ಬಿಡಿಸಿ ಬರೆದಿದ್ದರೆ ಈ ಪ್ರಾಸವೇ ಹುಟ್ಟುತ್ತಿರಲಿಲ್ಲ. ಆಡುಮಾತು ಸ್ವರಗಳನ್ನು ನುಂಗಿ ವ್ಯಂಜನಗಳನ್ನು ಒತ್ತುತ್ತದೆ, ರ‍್ಯಾಪಿಗೆ ಬೇಕಾದ್ದೂ ಅದೇ.

ಮಾತ್ರೆ ಎಣಿಸಿ ನೋಡಿ. ಎರಡೂ ಸಾಲಿಗೆ 22. ಮೇಲೆ ಹೇಳಿದ 68ರ ವೇಗದಲ್ಲಿ ನಾಲ್ಕು ಬಡಿತದ ಒಂದು ಸುತ್ತಿಗೆ ಸುಮಾರು ಮೂರೂವರೆ ಸೆಕೆಂಡು. ಒಂದೊಂದು ಬಡಿತಕ್ಕೆ ಆರರಂತೆ 24 ಮಾತ್ರೆಯ ಜಾಗ. 22 ಮಾತು, ಉಳಿದ ಎರಡು ಉಸಿರು. 24ನ್ನೂ ತುಂಬಿಸಿ ಬರೆದವರು ನಾಲ್ಕನೇ ಸಾಲಿಗೆ ಏದುಸಿರು ಬಿಡುತ್ತಾರೆ. ಇನ್ನು ‘ಸಾವಿರಡಿ’ಯಲ್ಲಿ ಬರುವ ಲಘುಗಳ ಸಾಲು ಓಡುತ್ತದೆ, ‘ಸುದ್ದಿಲ್ಲ’ದ ಗುರುಗಳು ನಿಲ್ಲುತ್ತವೆ. ಓಟವೆಲ್ಲ ನಡುವೆ, ನಿಲುಗಡೆ ಕೊನೆಯಲ್ಲಿ ಬರುವಂತೆ ಪದ ಆಯ್ದರೆ ನಾಲಿಗೆ ತೊಡರುವುದಿಲ್ಲ.

ಕೋಲಾರದ ಬೀದಿಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದನ್ನು ತಿದ್ದಿ ‘ಶುದ್ಧ’ ಮಾಡಬೇಡಿ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಿದವರಿಗೆ ಆ ಕಡೆಯ ಮಾತಿನ ಲಯ ಎಷ್ಟು ಬಿಗಿ ಎಂಬುದು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ತಾತನ ಕಾಲದ ಕ್ಯಾಸೆಟ್ಟಿನಲ್ಲಿ ಜುಂಜಪ್ಪನ ಪದ, ಗಣೆಯ ನಾದ ಇದೆ. ಅದನ್ನು ಸ್ಯಾಂಪಲ್ ಮಾಡಿದರೆ ಬೀಟಿನ ಶ್ರುತಿಗೆ ಸೇರುತ್ತಿಲ್ಲ. ಅನುಮತಿಯೂ ಬೇಕೇ?
— ಓದುಗರು, ಶಿರಾ

ಉತ್ತರ: ಕಾಡುಗೊಲ್ಲರ ಗಣೆಯಂಥ ಉದ್ದನೆಯ ಬಿದಿರ ಕೊಳಲಿನ ಶ್ರುತಿ ಕೀಬೋರ್ಡಿನ ಮನೆಗಳಿಗೆ ಸರಿಯಾಗಿ ಬೀಳಬೇಕೆಂದಿಲ್ಲ. ಹಳೆಯ ಟೇಪ್ ಎಳೆದಿದ್ದರೆ, ಪ್ಲೇಯರಿನ ಬೆಲ್ಟ್ ಸಡಿಲವಿದ್ದರೆ ಇನ್ನಷ್ಟು ಜಾರುತ್ತದೆ. ಆದ್ದರಿಂದ ಗಣೆಯನ್ನು ಎಳೆದಾಡದೆ ಬೀಟನ್ನೇ ಅದರ ಶ್ರುತಿಗೆ ತನ್ನಿ. ಟ್ಯೂನರ್ ಆ್ಯಪಿನಲ್ಲಿ ಗಣೆಯ ನಿಲುಸ್ವರ ನೋಡಿ, ಹತ್ತಿರದ ಸ್ವರಕ್ಕಿಂತ ಎಷ್ಟು ಸೆಂಟ್ ಹೆಚ್ಚು ಕಡಿಮೆ ಇದೆಯೋ ಬೇಸನ್ನೂ ಕೀಬೋರ್ಡನ್ನೂ ಅಷ್ಟೇ ಸರಿಸಿ (ನೂರು ಸೆಂಟ್‌ಗೆ ಅರ್ಧ ಸ್ವರ). ಗಣೆಯನ್ನೇ ಎರಡು ಅರ್ಧಸ್ವರಕ್ಕಿಂತ ಹೆಚ್ಚು ಏರಿಸಿದರೆ ಊದಿನ ಉಸಿರು ಹೋಗಿ ಆಟಿಕೆ ಪೀಪಿಯಂತೆ ಕೇಳುತ್ತದೆ. ಸ್ಯಾಂಪಲನ್ನು ಮೂಲ ಹಾಡಿನ ನಡುವೆ ಕತ್ತರಿಸದೆ ಊದು ಶುರುವಾಗುವ ಉಸಿರಿನಿಂದಲೇ ತೆಗೆದುಕೊಳ್ಳಿ, ತುದಿಗಳಲ್ಲಿ ಹತ್ತು ಮಿಲಿಸೆಕೆಂಡಿನ ಫೇಡ್ (ದನಿ ಮೆಲ್ಲಗೆ ಏರುವುದು, ಇಳಿಯುವುದು) ಕೊಡಿ, ‘ಟಿಕ್’ ಸದ್ದು ಬರುವುದಿಲ್ಲ.

ಅನುಮತಿ ಬೇಕು. ಪದ ಜನಪದದ್ದು, ಯಾರ ಸ್ವತ್ತೂ ಅಲ್ಲ. ಆದರೆ ಧ್ವನಿಮುದ್ರಣ ಬೇರೆ ಸ್ವತ್ತು. ಪ್ರಕಟವಾದ ವರ್ಷದ ನಂತರ 60 ವರ್ಷ ಅದಕ್ಕೆ ಹಕ್ಕಿದೆ. 1985ರಲ್ಲಿ ಬಂದ ಕ್ಯಾಸೆಟ್ಟಾದರೆ 2045 ಮುಗಿಯುವವರೆಗೆ. ‘ಏಳು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಪರವಾಗಿಲ್ಲ’ ಎಂಬ ಮಾತು ಊರೆಲ್ಲ ಓಡಾಡುತ್ತದೆ, ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ. ಇದಕ್ಕಿಂತ ಸಲೀಸು ದಾರಿ, ಈಗಲೂ ಗಣೆ ಊದುವ ಹಿರಿಯರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ, ಅವರ ಬಳಿ ಹೋಗಿ, ಗೌರವಧನ ಕೊಟ್ಟು, ಒಪ್ಪಿಗೆ ಪಡೆದು ಹೊಸದಾಗಿ ಮುದ್ರಿಸಿಕೊಳ್ಳುವುದು. ಜುಂಜಪ್ಪ ಅವರಿಗೆ ದೇವರು. ಯಾವ ಪದ ಬಳಸಬಹುದು, ಯಾವುದು ಬಳಸಬಾರದು ಎಂಬುದನ್ನೂ ಅವರನ್ನೇ ಕೇಳಿ.

ಪ್ರಶ್ನೆ: ಲಿಲ್ ನಾಸ್ ಎಕ್ಸ್ ಆಮೇಲೆ ಏನಾದರು? ಒಂದೇ ಹಾಡಿನ ಅದೃಷ್ಟವೇ?
— ಓದುಗರು, ಕೆಜಿಎಫ್

ಉತ್ತರ: ಅಲ್ಲ. 2019ರ ಜೂನ್‌ನಲ್ಲಿ ಬಂದ ‘7’ ಎಂಬ ಎಂಟು ಹಾಡಿನ ಸಂಕಲನದಲ್ಲೇ ರಾಕ್ ಕಡೆ ಹೊರಳಿದರು. ಅದರ ‘ಪನಿನಿ’ ಹಾಡಿನ ಧಾಟಿ ನಿರ್ವಾಣ ತಂಡದ ಒಂದು ಹಾಡಿಗೆ ಹತ್ತಿರವಿತ್ತು, ಕರ್ಟ್ ಕೊಬೇನ್ ಹೆಸರನ್ನು ರಚನೆಕಾರರಲ್ಲಿ ಸೇರಿಸಿಯೇ ಬಿಟ್ಟರು. ಬ್ಯಾಂಜೊ ಕಲಿಸಿದ ಪಾಠ ಎನ್ನಬಹುದು. ಅದು ಐದನೇ ಸ್ಥಾನ ಮುಟ್ಟಿತು. ಆ ಜೂನ್ ಕೊನೆಯಲ್ಲಿ, ‘ಓಲ್ಡ್ ಟೌನ್ ರೋಡ್’ ಇನ್ನೂ ಮೊದಲ ಸ್ಥಾನದಲ್ಲಿರುವಾಗಲೇ, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ರ‍್ಯಾಪ್, ಕಂಟ್ರಿ ಎರಡೂ ವಲಯಗಳಲ್ಲಿ ಅದು ಸುಲಭದ ಮಾತಲ್ಲ. 2020ರಲ್ಲಿ ಎರಡು ಗ್ರ್ಯಾಮಿ. 2021ರಲ್ಲಿ ‘ಮೊಂಟೆರೊ’ ಹಾಡಿಗೆ ಸ್ಪ್ಯಾನಿಷ್ ಗಿಟಾರಿನ ಬಣ್ಣ, ‘ಇಂಡಸ್ಟ್ರಿ ಬೇಬಿ’ಗೆ ಮೆರವಣಿಗೆಯ ತುತ್ತೂರಿಗಳ ಅಬ್ಬರ. ಎರಡೂ ಮೊದಲ ಸ್ಥಾನಕ್ಕೇರಿದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಪೂರ್ಣ ಆಲ್ಬಂ ಎರಡನೇ ಸ್ಥಾನದವರೆಗೆ ಹೋಯಿತು.

ಈ ಹಾಡುಗಳನ್ನು ಸಾಲಾಗಿ ಕೇಳಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪ್ರತಿ ಹಾಡಿನಲ್ಲೂ ಹೊರಗಿನಿಂದ ಬಂದ ಬಣ್ಣ ಒಂದೇ: ಬ್ಯಾಂಜೊ, ಇಲ್ಲವೇ ಗಿಟಾರ್, ಇಲ್ಲವೇ ತುತ್ತೂರಿ. ಮೂರನ್ನೂ ಒಂದೇ ಹಾಡಿಗೆ ಸುರಿದಿಲ್ಲ. ನಮ್ಮಲ್ಲಿ ಬೆಸುಗೆ ಎಂದರೆ ತಮಟೆ, ನಾದಸ್ವರ, ವೀಣೆ, ಯಕ್ಷಗಾನದ ಚೆಂಡೆ ಎಲ್ಲವನ್ನೂ ಸೇರಿಸುವುದು ಎಂದುಕೊಂಡಿರುವವರು ಬಹಳ. ಎಲ್ಲವೂ ಮುಂದೆ ಬಂದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಮೂಲ ಹಾಡು ಎರಡು ನಿಮಿಷವೂ ಇಲ್ಲ. ನಮ್ಮದೂ ಅಷ್ಟೇ ಇರಬೇಕೇ?
— ಓದುಗರು, ಪಾವಗಡ

ಉತ್ತರ: ‘ಓಲ್ಡ್ ಟೌನ್ ರೋಡ್’ನ ಮೂಲ ಆವೃತ್ತಿ 1 ನಿಮಿಷ 53 ಸೆಕೆಂಡು. ಸ್ಪಾಟಿಫೈಯಂಥ ಕಡೆ 30 ಸೆಕೆಂಡು ಕೇಳಿದರೆ ಒಂದು ಪ್ಲೇ ಎಂದು ಲೆಕ್ಕ, ಹಾಡು ಎಷ್ಟು ಉದ್ದವಿದ್ದರೂ ಅಷ್ಟೇ. ಒಂದು ಗಂಟೆಯಲ್ಲಿ ಆ ಹಾಡು 31 ಸಲ ಮುಗಿಯುತ್ತದೆ, ನಾಲ್ಕು ನಿಮಿಷದ್ದು 15 ಸಲ. ಜೊತೆಗೆ ಹೊಸ ಆವೃತ್ತಿಗಳ ಪ್ಲೇಗಳೂ ಪಟ್ಟಿಯಲ್ಲಿ ಒಂದೇ ಹಾಡಿನ ಖಾತೆಗೆ ಸೇರಿದವು. ಲೆಕ್ಕ ಹೀಗಿದ್ದರೂ ನಿಮ್ಮಲ್ಲಿ ಹೇಳುವ ಕಥೆ ಇದ್ದರೆ ಕತ್ತರಿಸಬೇಡಿ. ಕತ್ತರಿಸಬೇಕಾದ್ದು ಶುರುವಿನ ಮುಕ್ಕಾಲು ನಿಮಿಷದ ಬರೀ ವಾದ್ಯ. ಮೊದಲ ಹದಿನೈದು ಸೆಕೆಂಡಿನೊಳಗೆ ದನಿ ಬರಲಿ.

ಪ್ರಶ್ನೆ: ಕೈವಾರ ತಾತಯ್ಯನವರ ಕೀರ್ತನೆಯ ಎರಡು ಸಾಲನ್ನು ಪಲ್ಲವಿಗೆ ಬಳಸಬಹುದೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಸಾಹಿತ್ಯಕ್ಕೆ ಅಡ್ಡಿಯಿಲ್ಲ. ಕವಿ ಕಾಲವಾಗಿ 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಉಳಿಯುವುದಿಲ್ಲ, ಇಲ್ಲಿ ಅದು ಎಂದೋ ಕಳೆದಿದೆ. ಆದರೆ ಇತ್ತೀಚಿನವರೊಬ್ಬರು ಹಾಕಿದ ರಾಗಸಂಯೋಜನೆಯನ್ನೇ ಎತ್ತಿಕೊಂಡರೆ ಅವರ ಒಪ್ಪಿಗೆ ಬೇಕು. ಸಾಲು ಆಯ್ಕೆ ಮಾಡುವಾಗ ಅಂಕಿತವಿರುವ ಸಾಲನ್ನು ಅರ್ಧಕ್ಕೆ ಕತ್ತರಿಸಿ ಲೂಪ್ ಮಾಡಬೇಡಿ. ತೆಲುಗಿನ ಕೀರ್ತನೆಯಾದರೆ ಉಚ್ಚಾರಣೆಯನ್ನು ಭಜನೆ ತಂಡದ ಹಿರಿಯರೊಬ್ಬರ ಮುಂದೆ ಒಮ್ಮೆ ಹಾಡಿ ತೋರಿಸಿ, ಆಮೇಲೆ ಮೈಕಿನ ಮುಂದೆ ನಿಲ್ಲಿ.